ಚಾಕುವಿನ ವಕೀಲರು

ಕೃತಕ ಬುದ್ಧಿಮತ್ತೆಯ ಮೇಲೆ ಎಲ್ಲಿ ವಿಚಾರಗೋಷ್ಠಿ ನಡೆದರೂ ಕೊನೆಗೆ ಒಬ್ಬರು ಎದ್ದು ನಿಂತು ಚಾಕು ತೆಗೆಯುತ್ತಾರೆ. ಚಾಕುವಿನಿಂದ ಹಣ್ಣು ಹೆಚ್ಚಬಹುದು, ಕೊಲೆಯನ್ನೂ ಮಾಡಬಹುದು. ತಪ್ಪು ಚಾಕುವಿನದಲ್ಲ, ಹಿಡಿದವನದು. ಎಐ ಕೂಡ ಹಾಗೆಯೇ. ಅಧ್ಯಕ್ಷರು ತಲೆದೂಗುತ್ತಾರೆ, ವಂದನಾರ್ಪಣೆ ಮುಗಿಯುತ್ತದೆ, ಎಲ್ಲರೂ ಉಪ್ಪಿಟ್ಟಿನ ಕಡೆ ಹೊರಡುತ್ತಾರೆ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಇದೇ ಮಾತು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯೋಚನೆ ಶುರುವಾಗಬೇಕಾದ ಹೊತ್ತಿಗೆ ಸರಿಯಾಗಿ ಈ ಮಾತು ಮಂಗಳ ಹಾಡಿಬಿಡುತ್ತದೆ. ಇವತ್ತು ಈ ಚಾಕುವನ್ನು ಮೊಂಡು ಮಾಡಿಯೇ ಏಳುವುದೆಂದು ಕೂತಿದ್ದೇನೆ.

ಯಂತ್ರಕ್ಕೆ ಪ್ರಜ್ಞೆ ಇದೆಯೇ ಎಂಬ ಚರ್ಚೆಗೆ ನಾನು ಕೈಹಾಕುವುದಿಲ್ಲ. ತತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಮಾತಿನಲ್ಲೇ ಚೀನೀ ಭಾಷೆಯ ಕೋಣೆಯೊಂದನ್ನು ಕಟ್ಟಿದ, ಒಳಗಿದ್ದವನು ಅರ್ಥ ತಿಳಿಯದೆ ಬರೀ ನಿಯಮ ನೋಡಿ ಚೀನೀಯಲ್ಲಿ ಉತ್ತರ ಕೊಡುವ ಕೋಣೆ. ಒಳಗೆ ಹೋದ ಪಂಡಿತರು ಇನ್ನೂ ಹೊರಗೆ ಬಂದಿಲ್ಲ. ನಮ್ಮ ವೇದಾಂತಿಗಳು ‘ಅದು ಜಡ’ ಎಂದು ಒಂದೇ ಮಾತಿಗೆ ಮುಗಿಸುತ್ತಾರೆ. ಎಐ ಪ್ರಳಯ ತರುತ್ತದೆ ಎನ್ನುವವರು, ಸ್ವರ್ಗ ತರುತ್ತದೆ ಎನ್ನುವವರು, ಈ ಎರಡು ಗುಂಪೂ ನನಗೆ ಬೇಸರ ತರಿಸಿವೆ. ಅಪಾಯದ ಬಗ್ಗೆ ಬಿಚ್ಚುಮಾತು ಆಡಲೆಂದು 2023ರಲ್ಲಿ ಗೂಗಲ್ ಬಿಟ್ಟ ಎಐ ವಿಜ್ಞಾನಿ ಜೆಫ್ರಿ ಹಿಂಟನ್‌ಗೆ 2024ರ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಪ್ರೋಟೀನಿನ ಆಕಾರ ಊಹಿಸುವ ಎಐ ಕಟ್ಟಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ರಸಾಯನಶಾಸ್ತ್ರದ್ದು. ಭಯಕ್ಕೂ ಭರವಸೆಗೂ ಒಟ್ಟಿಗೇ ಪದಕ ಸಿಕ್ಕಿತು. ಅವರ ಜಗಳ ಅವರಿಗಿರಲಿ.

ಚಾಕುವಿನ ವಕೀಲರಲ್ಲಿ ನಾನು ಗೌರವಿಸುವುದು ಒಬ್ಬರನ್ನೇ, ನಮ್ಮ ಭಾವನನ್ನು. ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತಿನ ಮುಂದೆ ನಿಂತು ಶುರುಮಾಡಿದವರು, ಈಗ ಅಂಥದೇ ಇನ್ನೊಂದು ಶೆಡ್ಡಿನಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ವಿಭಾಗ ನೋಡಿಕೊಳ್ಳುತ್ತಾರೆ. ಟೂಲು ಅಂದರೇನು ಎಂದು ನನಗಿಂತ, ಗೋಷ್ಠಿಯ ಅಧ್ಯಕ್ಷರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸೋತರೂ ಗೆದ್ದರೂ ಅವರೊಡನೆಯೇ.

ನನ್ನ ಮೊದಲ ಸಾಕ್ಷಿ ನನ್ನ ತರಗತಿಯದೇ. ನಾನು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ವಿದ್ಯಾರ್ಥಿನಿಯೊಬ್ಬಳ ಸೆಮಿನಾರ್ ಪ್ರಬಂಧದಲ್ಲಿ ಬಸವಣ್ಣನವರದೆಂದು ಒಂದು ವಚನ ಇತ್ತು. ಕಾಯಕ, ಸಮಾನತೆ, ಗಿಡಮರಗಳ ಮೇಲಿನ ದಯೆ ಎಲ್ಲ ಹದವಾಗಿ ಬೆರೆತಿದ್ದವು, ಸಾಲುಗಳು ಮಟ್ಟಸವಾಗಿದ್ದವು, ಕೊನೆಗೆ ಅಂಕಿತವೂ ಸರಿಯಾಗಿ ಕೂಡಲಸಂಗಮದೇವ. ಆದರೆ ನಡುವಿನ ಸಾಲಿನಲ್ಲಿ ‘ಪರಿಸರ’ವನ್ನು ಕಾಪಾಡುವ ಮಾತು ಬಂದಿತ್ತು, ಇವತ್ತಿನ ಪಠ್ಯಪುಸ್ತಕದ ಅರ್ಥದಲ್ಲಿ. ಹನ್ನೆರಡನೆಯ ಶತಮಾನದ ಬಾಯಲ್ಲಿ ಜೂನ್ ಐದರ ಪರಿಸರ ದಿನದ ಭಾಷಣ! ಹುಡುಗಿ ಮೋಸ ಮಾಡಿರಲಿಲ್ಲ. ಪರಿಸರದ ಬಗ್ಗೆ ಬಸವಣ್ಣನವರ ವಚನ ಕೊಡು ಎಂದು ಫೋನನ್ನು ಕೇಳಿದ್ದಳು, ಅದು ಕೊಟ್ಟಿತ್ತು. ಹಿಡಿದ ಕೈಯಲ್ಲಿ ದುರುದ್ದೇಶವಿಲ್ಲ, ಉಪಕರಣಕ್ಕೆ ಉದ್ದೇಶವೇ ಇಲ್ಲ. ಆದರೂ ಗಾಯ ಆಗಿದೆ. ಈಗ ಹೇಳಿ ಭಾವ, ತಪ್ಪು ಯಾರದು?

‘ಮೊದಲು ಸುಳ್ಳು ವಚನ ಇರಲಿಲ್ವಾ?’ ಎಂದರು. ಇದ್ದವು. ಹಸ್ತಪ್ರತಿಗಳಲ್ಲಿ ಯಾರ್ಯಾರೋ ಸೇರಿಸಿದ ಪ್ರಕ್ಷಿಪ್ತಗಳನ್ನು ಆರಿಸಿ ತೆಗೆಯುವುದೇ ಗ್ರಂಥ ಸಂಪಾದಕರಿಗೆ ದೊಡ್ಡ ಕೆಲಸ. ಆದರೆ ಹಾಗೆ ಸೇರಿಸಿದವನಿಗೆ ಏನೋ ಒಂದು ಬೇಕಿತ್ತು, ತನ್ನ ಮಠ ಮೇಲೆನಿಸಬೇಕಿತ್ತು, ತನ್ನ ಆಚಾರಕ್ಕೆ ಆಧಾರ ಬೇಕಿತ್ತು. ಸಂಪಾದಕನಿಗೆ ಆ ಆಸೆಯೂ ಒಂದು ಸುಳಿವು. ಈ ಯಂತ್ರಕ್ಕೆ ಏನೂ ಬೇಕಿಲ್ಲ. ಆದರೂ ಅದು ಒಂದು ಕಡೆಗೆ ವಾಲುತ್ತದೆ; ಕೇಳಿದವರಿಗೆ ಹಿತವಾಗುವ ಕಡೆಗೆ. ಚಾಕುವಿನ ವಾದದಲ್ಲಿ ಎರಡೇ ಖಾನೆಗಳಿವೆ, ಉದ್ದೇಶವಿರುವ ಮನುಷ್ಯ ಮತ್ತು ಉದ್ದೇಶವಿಲ್ಲದ ವಸ್ತು. ಉದ್ದೇಶವಿಲ್ಲದ ವಾಲನ್ನು ಯಾವ ಖಾನೆಗೆ ಹಾಕುತ್ತೀರಿ?

ಇಷ್ಟು ಹೇಳಿ ಗೆದ್ದೆನೆಂದುಕೊಂಡೆ. ಭಾವ ನಕ್ಕರು. ‘ಮೇಷ್ಟ್ರೇ, ಟೇಲ್‌ಸ್ಟಾಕ್ ಕೂದಲೆಳೆಯಷ್ಟು ಸರಿದಿದ್ರೆ ಲೇತು ಉದ್ದನೆ ಶಾಫ್ಟನ್ನ ಟೇಪರ್ ಹೊಡೆಯುತ್ತೆ, ಒಂದು ತುದಿ ಸಪೂರ ಆಗುತ್ತೆ. ಅದಕ್ಕೇನು ಆಸೆ ಇರುತ್ತಾ? ಎಲ್ಲ ಮಿಷನ್ನಿಗೂ ಒಂದು ವಾಲು ಇದ್ದೇ ಇರುತ್ತೆ. ಅದನ್ನ ತಿಳ್ಕೊಂಡು ಕೆಲ್ಸ ತೆಗೆಯೋನಿಗೇ ಆಪರೇಟರ್ ಅನ್ನೋದು.’

ಇದಕ್ಕೆ ನನ್ನ ಬಳಿ ಉತ್ತರವಿತ್ತು. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಗೆ ಬಂದ ಒಂದು ಅಪ್‌ಡೇಟ್ ಕೇಳಿದವರನ್ನೆಲ್ಲ ಮಿತಿಮೀರಿ ಹೊಗಳತೊಡಗಿತು. ಓಪನ್‌ಎಐ ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ನಿಮ್ಮ ಅಡುಗೆಮನೆಯ ಚಾಕುವಿನ ಅಲಗನ್ನು ಎಲ್ಲೋ ಕೂತ ಕಂಪನಿಯೊಂದು ರಾತ್ರೋರಾತ್ರಿ ಬದಲಾಯಿಸುವುದುಂಟೇ? ‘ನಮ್ಮ ಮಿಷನ್‌ಗೂ ಸಾಫ್ಟ್‌ವೇರ್ ಬದಲಾಯಿಸ್ತಾರೆ,’ ಎಂದರು ಭಾವ. ‘ಬದಲಾದ ಮೇಲೆ ಫಸ್ಟ್ ಪೀಸ್ ತೆಗೆದು ಮೈಕ್ರೋಮೀಟರ್ ಹಾಕಿ ನೋಡದೆ ಲಾಟ್ ಓಡಿಸೋನು ನಮ್ಮ ಶೆಡ್ಡಲ್ಲಿ ಇರಲ್ಲ.’

ಆ ಹುಡುಗಿಯ ಕೈಯಲ್ಲಿ ವಚನ ಅಳೆಯುವ ಮೈಕ್ರೋಮೀಟರ್ ಇರಲಿಲ್ಲ, ನಿಜ. ಅದನ್ನು ಕೊಡಬೇಕಾದವನು ಮೇಷ್ಟ್ರು ತಾನೇ? ಈ ಏಟು ನನಗೇ ಬಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ಅಳತೆ ಬಲ್ಲವರೂ ಅಳೆಯುತ್ತಿಲ್ಲವಲ್ಲ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶವೊಂದು ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಆಧಾರವಾಗಿ ಉಲ್ಲೇಖಿಸಿತ್ತು. ಎಐ ಬಳಕೆಯ ಅನುಮಾನ ಎದ್ದು, ಆದೇಶವನ್ನೇ ಹಿಂಪಡೆಯಬೇಕಾಯಿತು. ಶಾಫ್ಟಿಗೆ ಮೈಕ್ರೋಮೀಟರ್ ಹಿಡಿಯಲು ಅರೆ ನಿಮಿಷ ಸಾಕು. ಬರೆದದ್ದರ ಪ್ರತಿ ಸಾಲನ್ನೂ ಪರೀಕ್ಷಿಸುವುದಕ್ಕೆ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಸಮಯ ಉಳಿಸಲೆಂದೇ ತಂದ ಉಪಕರಣವನ್ನು ಸಮಯ ಕೊಟ್ಟು ಕಾಯಿರಿ ಎಂದರೆ ಯಾರು ಕೇಳುತ್ತಾರೆ?

ಇನ್ನೊಂದು ದಾರಿ ಹಿಡಿದೆ. ಚಾಕುವಿನ ಗಾದೆಯಲ್ಲಿ ಹಿಡಿದವನು ಕಣ್ಣೆದುರೇ ಇರುತ್ತಾನೆ. ತೆಲಂಗಾಣದಲ್ಲಿ ಹಲವು ಇಲಾಖೆಗಳ ದಾಖಲೆಗಳನ್ನು ತಾಳೆ ಹಾಕಿದ ಕಂಪ್ಯೂಟರ್ ಲೆಕ್ಕಾಚಾರದಿಂದ ಲಕ್ಷಾಂತರ ಪಡಿತರ ಚೀಟಿಗಳು ರದ್ದಾದವು. ಸ್ಥಳಕ್ಕೆ ಹೋಗಿ ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ಚೀಟಿ ಕಳೆದುಕೊಂಡ ಹೆಂಗಸಿಗೆ ಯಾವ ಕೈ ಕಾಣಿಸುತ್ತದೆ? ‘ಸಿಸ್ಟಂ ತಗೊಳ್ತಿಲ್ಲಮ್ಮ’ ಎನ್ನುವ ಕಿಟಕಿಯಷ್ಟೇ.

ಭಾವನಿಗೆ ಇಲ್ಲಿ ಸಿಟ್ಟೇ ಬಂತು. ‘ಅದಕ್ಕೇ ಹೇಳೋದು, ಬರೀ ಟೂಲು ಅಂತ! ಮಿಷನ್ನೇ ತೀರ್ಮಾನ ಮಾಡ್ತು ಅಂತ ನೀನು ಬರೆದ್ರೆ ಆಫೀಸರ್ ಬಚಾವಾದ. ಅವನಿಗೆ ಬೇಕಾಗಿರೋದೂ ಅದೇ.’ ಅವರ ಮಾತಿಗೆ ನನಗೆ ಗೊತ್ತಿದ್ದ ಒಂದು ಪ್ರಕರಣವೇ ಸಾಕ್ಷಿ ನುಡಿಯಿತು. ಏರ್ ಕೆನಡಾ ಸಂಸ್ಥೆಯ ಚಾಟ್‌ಬಾಟ್ ಪ್ರಯಾಣಿಕನೊಬ್ಬನಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ವ್ಯಾಜ್ಯವಾದಾಗ, ಚಾಟ್‌ಬಾಟ್ ತನ್ನ ನಡೆಗೆ ತಾನೇ ಹೊಣೆಯಾದ ಪ್ರತ್ಯೇಕ ಘಟಕ ಎಂಬಂಥ ವಾದವನ್ನು ಕಂಪನಿ ಮುಂದಿಟ್ಟಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಅಂದರೆ, ಎಐ ಬರೀ ಉಪಕರಣವಲ್ಲ ಎಂದು ನಾನು ಆವೇಶದಿಂದ ಹೇಳುವುದನ್ನೇ ಒಂದು ವಿಮಾನಯಾನ ಕಂಪನಿ ಜಾರಿಕೊಳ್ಳಲು ಹೇಳಿತು. ಬಡಪಾಯಿ ಪ್ರಯಾಣಿಕನನ್ನು ಕಾಪಾಡಿದ್ದು ಚಾಕುವಿನ ಗಾದೆ. ನಾನು ಮೊಂಡು ಮಾಡಹೊರಟ ಅಲಗು ಇದೇ!

ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ. ಭಾವನ ಶೆಡ್ಡಿನ ಪಕ್ಕದಲ್ಲೇ ಒಂದು ಪ್ರೆಸ್ ಶಾಪ್ ಇದೆ. ಅಲ್ಲಿ ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟ ಹುಡುಗರನ್ನು ಅವರೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದದ್ದುಂಟು. ಪ್ರತಿಸಲವೂ ಕಾಗದದಲ್ಲಿ ಬರೆಯುವುದು ಒಂದೇ, ಆಪರೇಟರನ ಅಜಾಗರೂಕತೆ. ಕೇಳಿದೆ: ‘ಪ್ರೆಸ್ಸೂ ಬರೀ ಟೂಲೇ ತಾನೇ ಭಾವ? ತಪ್ಪು ಹಿಡಿದವನದು ಅನ್ನೋಣವಾ?’ ಅವರು ತಕ್ಷಣ ಮಾತಾಡಲಿಲ್ಲ. ಆಮೇಲೆ, ‘ಅದು ಬೇರೆ. ಗಾರ್ಡ್ ಹಾಕಿರಲಿಲ್ಲ ಓನರ್ರು,’ ಎಂದರು.

ಅದು ಬೇರೆಯಲ್ಲ, ಅದೇ ಇದು. 1948ರ ಕಾರ್ಖಾನೆಗಳ ಕಾಯಿದೆಯ 21ನೇ ಸೆಕ್ಷನ್ ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕೆಂದಿತು. ತಪ್ಪಿದರೆ ಹೊಣೆ ಕಾರ್ಖಾನೆಯ ಮೇಲೆ ಹಿಡಿತ ಇರುವವನದು, ಮ್ಯಾನೇಜರನದು ಎಂದಿತು. ದಣಿದ ಕೈ ತಪ್ಪೇ ತಪ್ಪುತ್ತದೆ ಎಂದು ತಿಳಿದೇ ಕಾನೂನು ಹಾಗೆ ಬರೆಯಿತು. ಚಾಕುವಿಗೆ ಹೊಂದುವ ನೀತಿ ಪ್ರೆಸ್ಸಿಗೆ ಸಾಲದು ಎಂದು ನಮ್ಮ ದೇಶ ಸ್ವಾತಂತ್ರ್ಯದ ಮರುವರ್ಷವೇ ಒಪ್ಪಿಕೊಂಡಿತ್ತು. ಹಾಗಿದ್ದಮೇಲೆ ಎಐ ಬಗ್ಗೆ ಮಾತಾಡುವಾಗ ಮತ್ತೆ ಅಡುಗೆಮನೆಗೆ ಓಡುವುದೇಕೆ? ಚಾಕುವಿನ ಗಾದೆ ಕೊನೆಯ ಕೈಯನ್ನು ಮಾತ್ರ ಹಿಡಿಯುತ್ತದೆ: ವಿದ್ಯಾರ್ಥಿನಿಯದು, ಗುಮಾಸ್ತನದು. ಯಂತ್ರ ಮಾಡಿದವನು, ತರಿಸಿ ಕೂರಿಸಿದವನು ಅದಕ್ಕೆ ಕಾಣುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಎಐ ಕಾನೂನು ಈ ಇಬ್ಬರಿಗೂ ಬೇರೆಬೇರೆ ಕರ್ತವ್ಯ ಹಂಚುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಪ್ರಬಂಧ ಚೆನ್ನಾಗಿ ಮುಗಿಯುತ್ತಿತ್ತು. ಭಾವ ಬಿಡಲಿಲ್ಲ. ‘ಪ್ರೆಸ್ಸು ಒಂದೇ ಜಾಗದಲ್ಲಿ ಬೀಳುತ್ತೆ, ಅಲ್ಲಿಗೆ ಗಾರ್ಡ್ ಹಾಕಬಹುದು. ನಿಮ್ಮದು ಎಲ್ಲಿ ಬೀಳುತ್ತೆ ಅಂತ ಗೊತ್ತಾ?’ ಗೊತ್ತಿಲ್ಲ. ಸುಳ್ಳು ವಚನ ತಂದ ಹುಡುಗಿಯ ತರಗತಿಯಲ್ಲೇ ಕಣ್ಣು ಕಾಣದ ಹುಡುಗನೊಬ್ಬ ಇದ್ದಾನೆ. ಪುಟದ ಫೋಟೋ ತೆಗೆದು ಅದೇ ಫೋನಿನಿಂದ ಪಠ್ಯ ಓದಿಸಿಕೊಳ್ಳುತ್ತಾನೆ, ಅರ್ಥ ಕೇಳುತ್ತಾನೆ, ವಾದವನ್ನೂ ಮಾಡುತ್ತಾನೆ. ಹಿಂದೆ ಇಷ್ಟಕ್ಕೆ ಗೆಳೆಯರ ಬಿಡುವಿಗಾಗಿ ಕಾಯಬೇಕಿತ್ತು. ವಚನದ ಬಗ್ಗೆ ಕೇಳಿದರೆ ಬಾಯಿ ಮುಚ್ಚಿಕೊಳ್ಳುವಂತೆ ಕಂಪನಿ ತಡೆ ಹಾಕಿದರೆ ಆ ಹುಡುಗಿಗೆ ಒಳ್ಳೆಯದು, ಈ ಹುಡುಗನಿಗೆ ಬಾಗಿಲು ಮುಚ್ಚಿದಂತೆ. ಸಾಲದ್ದಕ್ಕೆ, ಪೀಸಿನ ಲೆಕ್ಕ ತುಂಬಿಸಲು ಗಾರ್ಡನ್ನು ಕೈಯಾರೆ ಬಿಚ್ಚಿಡುವ ಆಪರೇಟರುಗಳನ್ನೂ ಭಾವ ನೋಡಿದ್ದಾರೆ.

ಹೀಗಾಗಿ ಎರಡು ಮಾತು ನನಗೆ ಒಟ್ಟಿಗೇ ಬೇಕಾಗಿವೆ. ಯಂತ್ರಕ್ಕೆ ತನ್ನದೇ ವಾಲು ಇದೆ ಎಂದರೆ ಮಾತ್ರ ಅದನ್ನು ಮಾಡಿದವನನ್ನು ಪ್ರಶ್ನೆ ಕೇಳಬಹುದು. ಯಂತ್ರ ಏನನ್ನೂ ತೀರ್ಮಾನಿಸಲಿಲ್ಲ ಎಂದರೆ ಮಾತ್ರ ಕಿಟಕಿಯ ಹಿಂದಿನ ಅಧಿಕಾರಿಯನ್ನು ಹಿಡಿಯಬಹುದು. ಒಂದನ್ನು ಜೋರಾಗಿ ಹೇಳಿದಷ್ಟೂ ಇನ್ನೊಂದು ಸಡಿಲಾಗುತ್ತದೆ. ಎರಡನ್ನೂ ಬಿಗಿಯಾಗಿ ಹಿಡಿಯುವ ವಾದ ನನಗಿನ್ನೂ ಸಿಕ್ಕಿಲ್ಲ. ಚಾಕುವಿನ ಮಾತು ಆಡುವವರ ಮೇಲೆ ನನ್ನ ಸಿಟ್ಟೇನೂ ಇಳಿದಿಲ್ಲ. ಆದರೆ ಪಡಿತರದ ಕಿಟಕಿಯ ಮುಂದೆ ಯಾರಾದರೂ ನನ್ನನ್ನು ವಕಾಲತ್ತಿಗೆ ಕರೆದರೆ, ಮೊದಲು ಬಾಯಿಗೆ ಬರುವುದು ಬಹುಶಃ ಅದೇ ಮಾತು.