ಷರತ್ತನ್ನು ಮರೆತ ಅನುಮತಿ

ಮದುವೆಯ ದಿನ ಗೊತ್ತಾಗುತ್ತದೆ. ಹಾಲ್ ಬುಕ್ ಆಗುತ್ತದೆ, ಅಡುಗೆಯವರಿಗೆ ಮುಂಗಡ ಹೋಗುತ್ತದೆ. ಆ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಹೆಂಗಸರು ಬೆರಳೆಣಿಸುತ್ತಾ ಇನ್ನೊಂದು ಲೆಕ್ಕ ಹಾಕುತ್ತಾರೆ. ‘ನಿಂದು ಯಾವಾಗ?’ ಲೆಕ್ಕ ಹೊಂದದಿದ್ದರೆ ಒಂದು ಚೀಟಿಯಲ್ಲಿ ಮಾತ್ರೆಯ ಹೆಸರು ಬರೆದು ತಮ್ಮನನ್ನು ಮೆಡಿಕಲ್ ಶಾಪಿಗೆ ಕಳುಹಿಸಲಾಗುತ್ತದೆ. ಯಾರಿಗೆ, ಯಾತಕ್ಕೆ ಎಂದು ಅಂಗಡಿಯವನು ಕೇಳುವುದಿಲ್ಲ. ಹುಡುಗನೂ ಹೇಳುವುದಿಲ್ಲ. ಕತ್ತರಿಸಿದ ಸ್ಟ್ರಿಪ್ಪೊಂದು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬರುತ್ತದೆ.

ನೆರೆಮನೆಯ ಸತ್ಯನಾರಾಯಣ ಪೂಜೆಗೂ, ನಮ್ಮ ಮನೆಯ ರಮಝಾನ್‌ಗೂ, ಹಜ್ಜ್ ಯಾತ್ರೆಗೂ ಇದೇ ಮಾತ್ರೆ. ಧರ್ಮಗಳು ಬೇರೆಯಾದರೂ ಚೀಟಿಯಲ್ಲಿ ಬರೆಯುವ ಹೆಸರು ಒಂದೇ.

ಮುಟ್ಟು ಮುಂದೂಡುವ ಈ ಮಾತ್ರೆಯ ಹೆಸರು ನಾರೆಥಿಸ್ಟೆರಾನ್. 1951ರಲ್ಲಿ ಮೆಕ್ಸಿಕೋ ನಗರದ ಪ್ರಯೋಗಾಲಯದಲ್ಲಿ ತಯಾರಾದ ಕೃತಕ ಹಾರ್ಮೋನ್ ಇದು. ದೇಹದಲ್ಲಿ ಪ್ರೊಜೆಸ್ಟರಾನ್ ಇಳಿದಾಗ ಗರ್ಭಕೋಶದ ಒಳಪದರ ಕಳಚುತ್ತದೆ. ಮಾತ್ರೆ ಅದನ್ನು ಇಳಿಯಗೊಡದಂತೆ ಹಿಡಿದಿಡುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಂನ ಮಾತ್ರೆಯನ್ನು ಮುಟ್ಟಿನ ದಿನಕ್ಕೆ 3 ದಿನ ಮೊದಲಿಂದ, ದಿನಕ್ಕೆ 3ರಂತೆ ವೈದ್ಯರು ಬರೆಯುತ್ತಾರೆ. ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಮುಟ್ಟು ಬರುತ್ತದೆ. ವಾಕರಿಕೆ, ತಲೆನೋವು, ಎದೆ ಬಿಗಿತ, ಸಿಡುಕು, ನಡುವೆ ಒಂದಿಷ್ಟು ರಕ್ತದ ಕಲೆ ಕೆಲವರಲ್ಲಿ ಕಾಣುತ್ತವೆ. ಹೆಚ್ಚಿನವರಿಗೆ ಇಷ್ಟಕ್ಕೇ ಮುಗಿಯುತ್ತದೆ.

ಎಲ್ಲರಿಗೂ ಅಲ್ಲ. ಈ ಪ್ರಮಾಣದಲ್ಲಿ ಸೇವಿಸಿದಾಗ ಅದರ ಸ್ವಲ್ಪ ಭಾಗ ದೇಹದೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಏರುತ್ತದೆ. ಆರೋಗ್ಯವಂತ ಯುವತಿಗೆ ಆ ಅಪಾಯ ಸಣ್ಣದು. ಆದರೆ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಬಂದವರು, ಯಕೃತ್ತಿನ ಕಾಯಿಲೆಯವರು, ಸ್ತನ ಕ್ಯಾನ್ಸರ್ ಆದವರು, ಗರ್ಭಿಣಿ ಇರಬಹುದಾದವರು ಇದನ್ನು ಮುಟ್ಟಬಾರದು. ಅರೆತಲೆನೋವು ಇದ್ದವರು ಮೊದಲೇ ಹೇಳಬೇಕು. ಮೂರ್ಛೆರೋಗದ ಮತ್ತು ಕ್ಷಯದ ಕೆಲವು ಔಷಧಿಗಳು ಇದರ ಬಲವನ್ನೇ ಕುಗ್ಗಿಸುತ್ತವೆ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಏದುಸಿರು, ಕಣ್ಣು ಮಂಜಾಗುವುದು, ಹಠಾತ್ ತೀವ್ರ ತಲೆನೋವು ಇವುಗಳಲ್ಲಿ ಯಾವುದಾದರೂ ಕಂಡರೆ ಮಾತ್ರೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಂದ ಹಾಗೆ, ಹೀಗೆ ನುಂಗಿದ ಮಾತ್ರೆ ಗರ್ಭ ತಡೆಯುವುದಿಲ್ಲ. ಆ ಭ್ರಮೆಯೂ ಕೆಲವರಲ್ಲಿದೆ.

ಇವೆಲ್ಲ ಗೊತ್ತಾಗಬೇಕಾದರೆ ಯಾರಾದರೂ ಅವಳನ್ನು ಕೇಳಬೇಕು. ನಾರೆಥಿಸ್ಟೆರಾನ್ ಶೆಡ್ಯೂಲ್ ಎಚ್ ಔಷಧಿ, ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಆದರೆ ಚೀಟಿ ಬರೆದದ್ದು ಚಿಕ್ಕಮ್ಮ.

ಕೇಳದಿರುವ ಚಾಳಿ ಹೊಸದಲ್ಲ. 1956ರಲ್ಲಿ ಪೋರ್ಟೊರಿಕೋದಲ್ಲಿ ಗರ್ಭನಿರೋಧಕ ಮಾತ್ರೆಯ ಪರೀಕ್ಷೆ ನಡೆದಾಗ ಬಡ ಹೆಂಗಸರಿಗೆ ಅದು ಪರೀಕ್ಷೆಯೆಂಬುದೇ ತಿಳಿದಿರಲಿಲ್ಲ. ತಲೆಸುತ್ತು, ವಾಂತಿ ಎಂದವರು ಶೇ. 17 ಮಂದಿ. ಅಲ್ಲಿದ್ದ ಡಾ. ಎಡ್ರಿಸ್ ರೈಸ್-ರೇ ಅದನ್ನು ವರದಿ ಮಾಡಿದರೂ ಮೇಲಿನವರು ಅದು ಮನಸ್ಸಿನ ಕಲ್ಪನೆಯೆಂದು ತಳ್ಳಿಹಾಕಿದರು. 1970ರಲ್ಲಿ ಅಮೆರಿಕದ ಸೆನೆಟ್ ಈ ಮಾತ್ರೆಯ ಸುರಕ್ಷತೆಯ ವಿಚಾರಣೆ ನಡೆಸಿದಾಗ ಅದನ್ನು ನುಂಗಿದ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆಯಲಿಲ್ಲ. ಹೆಂಗಸರು ಸಭೆಯಲ್ಲೇ ಎದ್ದು ಕೂಗಿದರು. ಅಡ್ಡಪರಿಣಾಮ ತಿಳಿಸುವ ಕರಪತ್ರ ಪೆಟ್ಟಿಗೆಯೊಳಗೆ ಬಂದದ್ದು ಆ ಬಳಿಕ. ನಮ್ಮಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಆ ಕರಪತ್ರ ಅಂಗಡಿಯಲ್ಲೇ ಉಳಿಯುತ್ತದೆ.

ಈ ಮಾತ್ರೆ ಸೇವಿಸಬಹುದೇ ಎಂದು ನಮ್ಮಲ್ಲಿ ಪ್ರಶ್ನೆ ಬಂದಾಗಲೆಲ್ಲ ‘ವಿದ್ವಾಂಸರು ಅನುಮತಿಸಿದ್ದಾರೆ’ ಎಂಬ ಉತ್ತರ ಸಿಗುತ್ತದೆ. ಹೌದು, ಹಲವರು ಅನುಮತಿಸಿದ್ದಾರೆ, ದೇಹಕ್ಕೆ ಹಾನಿಯಿಲ್ಲದಿದ್ದರೆ ಎಂಬ ಷರತ್ತಿನೊಂದಿಗೆ. ನಾವು ಅನುಮತಿಯನ್ನು ನೆನಪಿಟ್ಟುಕೊಂಡೆವು, ಷರತ್ತನ್ನು ಮರೆತೆವು. ಹಾನಿಯಿಲ್ಲವೆಂದು ನಿರ್ಧರಿಸಿದವರು ಯಾರು? ಗಂಡನೇ? ಅತ್ತೆಯೇ? ಯಾತ್ರೆಯ ಏಜೆಂಟನೇ?

ಹಜ್ಜ್ ವೇಳೆ ಮುಟ್ಟಾಗಿ ಅಳುತ್ತಿದ್ದ ಹ. ಆಯಿಶಾ(ರ)ರನ್ನು ಪ್ರವಾದಿ(ಸ)ರು ಗದರಿಸಲಿಲ್ಲ. ಇದು ಆದಮರ ಹೆಣ್ಮಕ್ಕಳಿಗೆ ಅಲ್ಲಾಹನು ವಿಧಿಸಿದ್ದೆಂದು ಸಂತೈಸಿ, ತವಾಫ್ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ನಿರ್ವಹಿಸುವಂತೆ ಹೇಳಿದರು. ಈಗ ಮರಳುವ ವಿಮಾನದ ದಿನ ನಿಗದಿಯಾಗಿರುತ್ತದೆ, ತವಾಫ್ ಉಳಿದುಹೋದರೆ ಎಂಬ ಆತಂಕ ನಿಜವಾದದ್ದೇ. ಅಂತಹ ತಾಯಿ ವೈದ್ಯರನ್ನು ಕಂಡು ಮಾತ್ರೆ ಪಡೆದರೆ ನಾವು ಆಕ್ಷೇಪಿಸಲಾರೆವು. ರಮಝಾನಿನ ಮಾತು ಬೇರೆ. ಮುಟ್ಟಾದವಳು ಉಪವಾಸ ಬಿಟ್ಟು ಆಮೇಲೆ ಪೂರೈಸಬಹುದೆಂಬ ವಿನಾಯಿತಿ ಸ್ಪಷ್ಟವಾಗಿದೆ. ಆದರೂ ‘ಮೂವತ್ತೂ ಹಿಡಿದೆ’ ಎನ್ನುವ ಆಸೆಗೆ ಮಾತ್ರೆ ಬೇಕು. ಹಗಲು ನುಂಗುವಂತಿಲ್ಲ, ಮಧ್ಯಾಹ್ನದ ಮಾತ್ರೆ ತಪ್ಪುತ್ತದೆ, ರಕ್ತದ ಕಲೆ ಕಾಣುತ್ತದೆ. ಆಗ ಹಿಡಿದ ಉಪವಾಸದ ಮೇಲೇ ಸಂಶಯ!

ತನ್ನ ಇಷ್ಟದಿಂದಲೇ ನುಂಗಿದಳಲ್ಲ ಎನ್ನುವವರಿದ್ದಾರೆ. ಮನೆತುಂಬ ನೆಂಟರಿರುವಾಗ ‘ನನಗಾಗದು’ ಎನ್ನುವ ಎದೆಗಾರಿಕೆ ಹತ್ತೊಂಬತ್ತರ ಮದುಮಗಳಿಗೆ ಎಲ್ಲಿಂದ ಬರಬೇಕು? ಅವಳು ಹೂಂ ಎಂದದ್ದು ಮಾತ್ರೆಗೋ, ಮನೆಯವರ ಮುಖಕ್ಕೋ?

ಹಾಲ್ ಬುಕ್ ಮಾಡುವ ಮೊದಲೇ ಮಗಳ ಬಳಿ ತಾರೀಕು ಕೇಳಿದ ತಾಯಂದಿರನ್ನೂ ನಾವು ಕಂಡಿದ್ದೇವೆ. ‘ಆ ವಾರ ನಮಗೆ ಅನುಕೂಲವಿಲ್ಲ’ ಎಂದಷ್ಟೇ ಬೀಗರಿಗೆ ಹೇಳಿಕಳುಹಿಸುತ್ತಾರೆ. ಕಾರಣವೇನೆಂದು ಬೀಗರು ಕೇಳಿದ್ದಿಲ್ಲ.