ಬಿಟ್ಟವನ ಹೆಮ್ಮೆ

ಬಾವಿಯಿಂದ ನೀರನ್ನು ಸೇದುತ್ತೇವೆ; ಬೀಡಿ ಸಿಗರೇಟುಗಳನ್ನೂ ಸೇದುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ ಸಾಕೆಂದು ನಮ್ಮ ಭಾಷೆ ಯಾವ ಕಾಲದಲ್ಲಿ ತೀರ್ಮಾನಿಸಿತೋ ಕಾಣೆ. ಸೇದುವವನ ಮನಸ್ಸನ್ನು ಮಾತ್ರ ಅದು ಚೆನ್ನಾಗಿ ಬಲ್ಲದು. ಅವನ ಪಾಲಿಗೆ ಅದು ದಾಹವೇ. 'ಬಿಡು' ಎಂಬ ಮಾತಿನ ಚೇಷ್ಟೆ ಇನ್ನೂ ಹೆಚ್ಚಿನದು. ಹೊಗೆ ಬಿಡುವುದೂ ಬಿಡುವುದೇ, ಸಿಗರೇಟು ಬಿಡುವುದೂ ಬಿಡುವುದೇ. ಬರಿಯ 'ಬಿಟ್ಟೆ' ಎಂದರೆ ಕೇಳುವವರಿಗೆ ನಂಬಿಕೆ ಬರುವುದಿಲ್ಲ. 'ಬಿಟ್ಟುಬಿಟ್ಟೆ' ಎಂದು ಬಿಡುವುದರ ಮೇಲೆ ಮತ್ತೊಂದು ಬಿಡುವುದನ್ನು ಹೇರಿದರೆ ಮಾತ್ರ ಅರೆಮನಸ್ಸಿನಿಂದ ಒಪ್ಪುತ್ತಾರೆ. ಇನ್ನು 'ವ್ಯಸನ'ಕ್ಕೆ ಚಟವೆಂದೂ ಅರ್ಥ, ದುಃಖವೆಂದೂ ಅರ್ಥ. ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ನಮ್ಮ ಹಿರಿಯರು ಸಪ್ತವ್ಯಸನಗಳನ್ನು ಎಣಿಸಿದಾಗ ಜೂಜು, ಮಾಂಸ, ಮದ್ಯ, ವೇಶ್ಯೆ, ಬೇಟೆ, ಕಳವು, ಪರಸ್ತ್ರೀ ಎಂದು ಏಳನ್ನು ಹೇಳಿ ನಿಲ್ಲಿಸಿದರು. ಎಂಟನೆಯದು ಅವರ ಕಣ್ಣು ತಪ್ಪಿಸಿಕೊಂಡದ್ದಲ್ಲ, ಹಡಗು ಹತ್ತಿ ಬರಬೇಕಾಗಿದ್ದ ಅದು ಇನ್ನೂ ಬಂದಿರಲಿಲ್ಲ, ಅಷ್ಟೆ. ಚರಕಸಂಹಿತೆಯಲ್ಲಿ ಧೂಮಪಾನದ ವಿಧಿಯೇನೋ ಇದೆ. ಆದರೆ ಅದು ಗಿಡಮೂಲಿಕೆಗಳ ಬತ್ತಿಯಿಂದ ಮಾಡುವ ಚಿಕಿತ್ಸೆ. ಹೊಗೆಸೊಪ್ಪು ಕೂಡ ಔಷಧದ ವೇಷದಲ್ಲೇ ಹೊರಟಿತು. 1560ರ ಸುಮಾರಿನಲ್ಲಿ ಜಾನ್ ನಿಕೋ ಎಂಬ ರಾಯಭಾರಿ ಅದನ್ನು ಫ್ರಾನ್ಸಿನ ಅರಮನೆಗೆ ಕಳಿಸಿದ್ದು ಮದ್ದೆಂದು. ನಿಕೋಟಿನ್ ಎಂಬ ಹೆಸರು ಅವನದೇ. ಮೊಗಲರ ಆಸ್ಥಾನಕ್ಕೆ ಅದು ಹೋದದ್ದು ನಮ್ಮ ಬಿಜಾಪುರದಿಂದ. ಅಸದ್ ಬೇಗ್ ಎಂಬವನು ಬಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು, ಒಂದು ಚೆಂದದ ಕೊಳವೆಯ ಸಮೇತ ಅಕ್ಬರನಿಗೆ ಒಯ್ದು ಒಪ್ಪಿಸಿದ. ಬಾದಶಹ ಕುತೂಹಲಕ್ಕೆ ಸೇದಿದ, ವೈದ್ಯ ಬೇಡವೆಂದ. 1617ರಲ್ಲಿ ಜಹಾಂಗೀರ ಅದನ್ನು ನಿಷೇಧಿಸಿದ. ನಿಷೇಧದ ಫಲವೇನಾಯಿತೆಂಬುದು ನಮ್ಮ ಕಾಲೇಜಿನ ಎದುರಿನ ಗೂಡಂಗಡಿಯಲ್ಲಿ ಇಂದಿಗೂ ಕಾಣುತ್ತದೆ.

ಈ ಅಸದ್ ಬೇಗನ ಕಥೆಯನ್ನು ನನಗೆ ಹೇಳಿದವರು ಇತಿಹಾಸದ ಅಧ್ಯಾಪಕರಾದ ನನ್ನ ಮಿತ್ರರೊಬ್ಬರು. ನನಗಿಂತ ಹತ್ತು ವರ್ಷ ಹಿರಿಯರು, ಐವತ್ತೈದು ದಾಟಿದೆ. ಹೇಳುವಾಗ ಅವರ ಬೆರಳುಗಳ ನಡುವೆ ಸಿಗರೇಟು ಉರಿಯುತ್ತಿತ್ತು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಆಗಿನ್ನೂ ಐದು ತಿಂಗಳಾಗಿತ್ತು. ಡಾಕ್ಟರು ನಿಕೋಟಿನ್ ಗಮ್ ಬರೆದುಕೊಟ್ಟಿದ್ದರಂತೆ. 'ಮಕ್ಕಳ ಹಾಗೆ ಮಿಠಾಯಿ ಜಗಿಯುತ್ತಾ ಕೂರಲೇನು ಮೇಷ್ಟ್ರೆ? ಬಿಡುವುದಾದರೆ ನಿಮ್ಮ ಹಾಗೆ ಬಿಡಬೇಕು. ಯಾವ ಔಷಧವೂ ಇಲ್ಲದೆ' ಎಂದರು.

ನನಗೆ ಸಂತೋಷವಾಗಬೇಕಾಗಿತ್ತು, ದಿಗಿಲಾಯಿತು. ನಾನು ಹದಿನಾರು ವರ್ಷ ಸೇದಿ ಬಿಟ್ಟವನು ಎಂಬುದು ನಿಜ. ಗಮ್ಮು, ಪಟ್ಟಿ, ಮಾತ್ರೆ ಯಾವುದನ್ನೂ ಮುಟ್ಟಲಿಲ್ಲ ಎಂಬುದೂ ನಿಜ. ಆದರೆ ನಾನು ಬಿಟ್ಟದ್ದು ಇನ್ನೊಬ್ಬರು ಬಿಡದಿರುವುದಕ್ಕೆ ಕಾರಣವಾಗಿ ಒದಗೀತೆಂದು ಎಣಿಸಿರಲಿಲ್ಲ. ಔಷಧವಿಲ್ಲದೆ ಬಿಡುವುದು ಔಷಧದ ನೆರವಿನಿಂದ ಬಿಡುವುದಕ್ಕಿಂತ ಮೇಲೆ? ಮೇಲಾದರೆ ಯಾವ ಅರ್ಥದಲ್ಲಿ? ಈ ಪ್ರಶ್ನೆಯನ್ನು ನನ್ನ ಸಮಾಧಾನಕ್ಕಾದರೂ ಬಿಡಿಸಿಕೊಳ್ಳಬೇಕೆಂದು ತೋರಿತು.

ಮೇಲೆನ್ನುವವರ ವಾದ ತೀರ ಹುರುಳಿಲ್ಲದ್ದಲ್ಲ. ಆಸೆ ಒಂದು ಕಡೆ, ಸಂಕಲ್ಪ ಇನ್ನೊಂದು ಕಡೆ. ಅಖಾಡದಲ್ಲಿ ಇಬ್ಬರೇ ಜಟ್ಟಿಗಳು. ಸಂಕಲ್ಪ ಗೆದ್ದರೆ ಅದು ಮನುಷ್ಯನ ಗೆಲುವು, ಗಮ್ಮು ಗೆದ್ದರೆ ಅಂಗಡಿಯವನ ಗೆಲುವು. ಈ ಚಿತ್ರ ಎಷ್ಟು ಮನೋಹರವೆಂದರೆ ಅದು ಸುಳ್ಳೆಂದು ಹೇಳುವುದಕ್ಕೆ ಸಂಕಟವಾಗುತ್ತದೆ. ಆದರೂ, ಬಿಟ್ಟವನೊಬ್ಬ ಸಾಕ್ಷಿ ನುಡಿಯಬೇಕಾದರೆ, ಅಂಥ ಕುಸ್ತಿ ನಡೆಯಲೇ ಇಲ್ಲ. ಮೊದಲ ಮೂರು ದಿನ ನಾನು ಮನುಷ್ಯನಾಗಿರಲಿಲ್ಲ ಎಂಬುದು ಮನೆಯವರ ಅಭಿಪ್ರಾಯ. ಉತ್ತರಪತ್ರಿಕೆಯ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ಅಲ್ಲಿ ಏನೂ ಇಲ್ಲದ್ದನ್ನು ಕಂಡು ಆ ಕೈಗೇ ಅವಮಾನವಾದಂತೆ ತೋರುತ್ತಿತ್ತು. ಹೀಗಿರುವಾಗ ಒಂದು ಸಂಗತಿ ಗಮನಕ್ಕೆ ಬಂತು. ಆಸೆ ಬರುವುದು ಕರೆಯದೆ ಬರುವ ನೆಂಟನ ಹಾಗೆ. ಬಾಗಿಲಲ್ಲಿ ನಿಲ್ಲುತ್ತದೆ, ಕೆಮ್ಮುತ್ತದೆ, ಹೆಸರು ಹಿಡಿದು ಕೂಗುತ್ತದೆ. ಸತ್ಕಾರ ಮಾಡಿದರೂ ಹೋಗುತ್ತದೆ. ಮಾಡದಿದ್ದರೂ ಕೆಲವು ನಿಮಿಷಗಳಲ್ಲಿ ಎದ್ದು ಹೋಗುತ್ತದೆ. ನಾನು ಅದನ್ನು ಸೋಲಿಸಿದ್ದಿಲ್ಲ. ಅದು ಹೋಗುವ ತನಕ ಅಲ್ಲಿದ್ದೆ, ಅಷ್ಟೆ.

ಹಾಗಾದರೆ ಸಂಕಲ್ಪದ ಕೆಲಸವೇನು? ತೀರ್ಪಾದ ಮೊಕದ್ದಮೆಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳದಿರುವುದು. ಸೇದುವವನ ತಲೆಯಲ್ಲಿ ಒಬ್ಬ ವಕೀಲನಿದ್ದಾನೆ. ಅವನಷ್ಟು ಸಮರ್ಥನನ್ನು ಹೈಕೋರ್ಟಿನಲ್ಲೂ ಕಾಣುವುದು ಕಷ್ಟ. 'ಇದೊಂದೇ', 'ಇವತ್ತು ಮಳೆ', 'ಊಟ ಭಾರವಾಯಿತು' ಎಂದು ಪಾಯಿಂಟು ಹಾಕುತ್ತಲೇ ಇರುತ್ತಾನೆ. ಅವನಿಗೆ ಉತ್ತರ ಕೊಡಲು ಹೋದವನು ಸೋತ. ಇಟಲಿಯ ಸ್ವೇವೋ 1923ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕ ಜೀವನಪೂರ್ತಿ 'ಕೊನೆಯ ಸಿಗರೇಟು' ಸೇದುತ್ತಲೇ ಇರುತ್ತಾನೆ. ಕೊನೆಯದೆಂಬ ಕಾರಣಕ್ಕೆ ಅದರ ರುಚಿ ಹೆಚ್ಚು. ಆದ್ದರಿಂದ ಕೊನೆಯವು ಮುಗಿಯುವುದೇ ಇಲ್ಲ. ಸ್ವೇವೋ ಸ್ವತಃ ಸೇದುತ್ತಿದ್ದವನೆಂದು ಬೇರೆ ಹೇಳಬೇಕಾಗಿಲ್ಲ.

ಅರ್ಜುನ ಗೀತೆಯ ಮೂರನೆಯ ಅಧ್ಯಾಯದಲ್ಲಿ ಕೇಳುವ ಪ್ರಶ್ನೆಯೂ ಇದೇ ಜಾತಿಯದು: ಇಷ್ಟವಿಲ್ಲದಿದ್ದರೂ ಮನುಷ್ಯ ಯಾರ ಬಲವಂತಕ್ಕೆ ತಪ್ಪು ದಾರಿ ಹಿಡಿಯುತ್ತಾನೆ? ಕೃಷ್ಣನ ಉತ್ತರದಲ್ಲಿ ಬರುವ ಉಪಮಾನಗಳಲ್ಲಿ ಮೊದಲನೆಯದು ಬೆಂಕಿಯನ್ನು ಮುಚ್ಚಿದ ಹೊಗೆ. ಹೊಗೆಸೊಪ್ಪು ಬರುವುದಕ್ಕೆ ಎಷ್ಟೋ ಶತಮಾನ ಮುಂಚೆ ಎಂತಹ ದೂರದೃಷ್ಟಿ ಎಂದು ತಮಾಷೆ ಮಾಡಬಹುದು. ಆದರೆ ಕೃಷ್ಣ ಅರ್ಜುನನಿಗೆ 'ಗಂಡಸಾಗಿ ತಡೆದುಕೋ' ಎಂದು ಹೇಳಿ ಸುಮ್ಮನಾಗಲಿಲ್ಲ. ಆಸೆ ನೆಲೆಸಿರುವ ಜಾಗಗಳು ಇಂದ್ರಿಯ, ಮನಸ್ಸು, ಬುದ್ಧಿ ಎಂದು ಒಂದೊಂದಾಗಿ ತೋರಿಸಿಕೊಟ್ಟ. ಇಂದ್ರಿಯದಲ್ಲಿ ಕುಳಿತದ್ದನ್ನು ಇಂದ್ರಿಯದ ಮಟ್ಟದಲ್ಲೇ ವಿಚಾರಿಸಿಕೊಂಡರೆ ಬುದ್ಧಿಗೇನು ಅಪಮಾನ? ಸೇದಿದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳೊಳಗೆ ಮೆದುಳನ್ನು ತಲುಪುತ್ತದೆ. ಸುಮಾರು 2 ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿದಾಗ ಮತ್ತೆ ಬೇಕೆನಿಸುತ್ತದೆ. ಬಿಟ್ಟವನ ಕಳವಳ ಮೊದಲ ವಾರದಲ್ಲಿ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಅಡಗುತ್ತದೆ. ಇದರಲ್ಲಿ ಶೀಲದ ಪ್ರಶ್ನೆ ಎಷ್ಟು, ರಸಾಯನಶಾಸ್ತ್ರದ ಪ್ರಶ್ನೆ ಎಷ್ಟು? ಮನಸ್ಸಿನ ಮೂಲೆಮೂಲೆಯನ್ನು ಶೋಧಿಸಿದ ಫ್ರಾಯ್ಡ್, 1923ರಲ್ಲಿ ದವಡೆಗೆ ಕ್ಯಾನ್ಸರ್ ಬಂದಮೇಲೂ, ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆಯಾದರೂ ಚುಟ್ಟಾ ಬಿಡಲಿಲ್ಲ. ಅವನನ್ನು ದುರ್ಬಲ ಮನಸ್ಸಿನವನೆನ್ನುವ ಧೈರ್ಯ ನನಗಿಲ್ಲ.

ಮಿತ್ರರಿಗೆ ಇದನ್ನೆಲ್ಲ ಹೇಳಿದಾಗ ಅವರು ನನ್ನ ಆಯುಧದಿಂದಲೇ ನನ್ನನ್ನು ಹೊಡೆದರು. 'ನಿಮ್ಮ ಖದಿರಸಾರನನ್ನು ಮರೆತಿರಾ?' ಎಂದರು.

ಖದಿರಸಾರನ ಕಥೆ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿದೆ. ವಿಂಧ್ಯದ ಕಾಡಿನ ಬೇಡ. ಮುನಿಯೊಬ್ಬರು ಹಿಂಸೆಯನ್ನು ಬಿಡೆಂದಾಗ ಪೂರ್ತಿ ಮಾಂಸ ಬಿಡುವುದು ತನ್ನಿಂದಾಗದೆಂದು, ಕಾಗೆಯ ಮಾಂಸವೊಂದನ್ನು ಬಿಡುವ ಪುಟ್ಟ ವ್ರತ ಹಿಡಿದ. ಮುಂದೆ ರೋಗ ಬಂತು. ವೈದ್ಯರು ಹೇಳಿದ ಔಷಧ ಕಾಗೆಯ ಮಾಂಸವೇ! ಅವನು ಒಲ್ಲೆನೆಂದ, ಪ್ರಾಣ ಬಿಟ್ಟ, ಆ ವ್ರತದ ಫಲದಿಂದ ಜನ್ಮಾಂತರದಲ್ಲಿ ಮಗಧದ ಶ್ರೇಣಿಕ ಮಹಾರಾಜನಾದ. ಬಿಟ್ಟ ವಸ್ತುವೇ ಔಷಧವಾಗಿ ಮುಂದೆ ನಿಲ್ಲುವುದು ನಿಕೋಟಿನ್ ಗಮ್ಮಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಎರಡು ದಿನ ನನಗೆ ಉತ್ತರ ಹೊಳೆಯಲಿಲ್ಲ.

ಹೊಳೆದದ್ದು ಇಷ್ಟು. ಖದಿರಸಾರ ಕಾಗೆಯನ್ನು ಬಿಟ್ಟದ್ದು ಕಾಗೆಯ ಪ್ರಾಣಕ್ಕಾಗಿ. ಔಷಧವೆಂದು ತಿಂದರೂ ಕಾಗೆ ಸಾಯುತ್ತದೆ. ಆದ್ದರಿಂದ ಅವನ ನಿರಾಕರಣೆಗೆ ಅರ್ಥವಿದೆ. ಸಿಗರೇಟು ಬಿಡುವವನು ಉಳಿಸಬೇಕಾದ ಪ್ರಾಣ ಯಾವುದು? ಅವನದೇ, ಜೊತೆಗೆ ಅದೇ ಕೋಣೆಯ ಗಾಳಿ ಕುಡಿಯುವ ಹೆಂಡತಿ ಮಕ್ಕಳದು. ಕೊಲ್ಲುವುದರಲ್ಲಿ ಮುಖ್ಯವಾದದ್ದು ಹೊಗೆ, ಅದರ ಡಾಂಬರು, ಅದರ ವಿಷಾನಿಲ. ಗಮ್ಮಿನಲ್ಲಿ ಆ ಹೊಗೆಯಿಲ್ಲ. ವ್ರತದ ಶುದ್ಧಿಗಾಗಿ ವ್ರತದ ಉದ್ದೇಶವನ್ನೇ ಬಲಿಕೊಟ್ಟರೆ ಅದು ವ್ರತವಲ್ಲ, ಛಲ. ಛಲಕ್ಕೆ ನಮ್ಮ ಹಳೆಯ ಕವಿಗಳು ಮಾದರಿಯಾಗಿ ಆರಿಸಿಕೊಂಡದ್ದು ದುರ್ಯೋಧನನನ್ನು. ಅವನನ್ನು ಹೊಗಳಿದರು, ನಿಜ; ತೊಡೆ ಮುರಿಸದೆ ಬಿಡಲಿಲ್ಲ.

ಲೆಕ್ಕವೂ ಮಿತ್ರರ ಕಡೆಗಿಲ್ಲ. ಯಾವ ನೆರವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ವರ್ಷದ ಕೊನೆಗೆ ಬಿಟ್ಟೇ ಇರುವವರು ಮೂರರಿಂದ ಐದು ಮಂದಿ. ಗಮ್ಮು, ಪಟ್ಟಿಗಳು ಈ ಸಂಖ್ಯೆಯನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತವೆ, ಪವಾಡವೇನೂ ಅಲ್ಲ. ಹಾಗಿದ್ದರೂ ಲೋಕದಲ್ಲಿ ಸಿಗರೇಟು ಬಿಟ್ಟವರಲ್ಲಿ ಬಹುಪಾಲು ಜನ ಔಷಧವಿಲ್ಲದೆ ಬಿಟ್ಟವರೇ, ಏಕೆಂದರೆ ಹಾಗೆ ಪ್ರಯತ್ನಿಸುವವರ ಸಂಖ್ಯೆ ಅಷ್ಟು ದೊಡ್ಡದು, ಒಬ್ಬೊಬ್ಬರೂ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ಬಿದ್ದವರು ಎದ್ದು ಮತ್ತೆ ಬಿಡುವುದರಲ್ಲಿ ನನಗೆ ಕಾಣುವ ದೊಡ್ಡಸ್ತಿಕೆ ಒಂದೇ ಏಟಿಗೆ ಬಿಟ್ಟವನಲ್ಲಿ ಕಾಣುವುದಿಲ್ಲ. ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು 1950ರಲ್ಲಿ ಬ್ರಾಡ್‌ಫರ್ಡ್ ಹಿಲ್ಲರ ಜೊತೆ ತೋರಿಸಿಕೊಟ್ಟ ರಿಚರ್ಡ್ ಡಾಲ್, ಆ ಸಂಶೋಧನೆ ನಡೆಯುತ್ತಿದ್ದಾಗಲೇ ತಾನು ಸೇದುವುದನ್ನು ಬಿಟ್ಟ. ಔಷಧವಿಲ್ಲದೆ ಎಂದು ಅವನು ಬೀಗಲಿಲ್ಲ, ಬೀಗುವಂತೆಯೂ ಇರಲಿಲ್ಲ. ನಿಕೋಟಿನ್ ಗಮ್ಮು ಅಂಗಡಿಗೆ ಬಂದದ್ದು 1970ರ ದಶಕದ ಕೊನೆಗೆ. ಔಷಧ ಹುಟ್ಟಿದ ಮೇಲಲ್ಲವೆ 'ಔಷಧವಿಲ್ಲದೆ' ಎಂಬ ಬಿರುದು ಹುಟ್ಟಿದ್ದು?

ಅದೇ ಡಾಲ್ ಮತ್ತು ಸಂಗಡಿಗರು 1951ರಿಂದ ಬ್ರಿಟಿಷ್ ವೈದ್ಯರನ್ನು ಅರ್ಧ ಶತಮಾನ ಬೆನ್ನುಹತ್ತಿ 2004ರಲ್ಲಿ ಹೇಳಿದ್ದು: ಸೇದುತ್ತಲೇ ಇದ್ದವನು ಸರಾಸರಿ ಸುಮಾರು 10 ವರ್ಷ ಆಯುಸ್ಸನ್ನು ಕಳೆದುಕೊಳ್ಳುತ್ತಾನೆ. 50ರಲ್ಲಿ ಬಿಟ್ಟರೆ ಅದರಲ್ಲಿ 6 ವರ್ಷ, 60ರಲ್ಲಿ ಬಿಟ್ಟರೆ 3 ವರ್ಷ ಹಿಂದಕ್ಕೆ ಬರುತ್ತದೆ. ನನ್ನ ಮಿತ್ರರು ಈ ಎರಡು ಅಂಕಿಗಳ ನಡುವೆ ನಿಂತು ಪೌರುಷದ ಮಾತಾಡುತ್ತಿದ್ದಾರೆ.

ನಿಜ ಹೇಳಬೇಕೆಂದರೆ ನಾನೂ ಬರಿಗೈಯಲ್ಲಿ ಬಿಟ್ಟವನಲ್ಲ. ಜೇಬಿನಲ್ಲಿ ಏಲಕ್ಕಿ ಇತ್ತು, ಲವಂಗವಿತ್ತು. ಬೇಸಿಗೆ ರಜವಿತ್ತು, ಹನ್ನೆರಡು ದಿನ ಊರಿಗೆ ಹೋಗಿ ಅಮ್ಮನ ಕಣ್ಣೆದುರಿಗಿದ್ದೆ. ಅಲ್ಲಿ ಸೇದುವ ಮಾತೇ ಇಲ್ಲ. ಅಮ್ಮ ಔಷಧದಂಗಡಿಯಲ್ಲಿ ಸಿಗುವವಳಲ್ಲವಾದ್ದರಿಂದ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊನ್ನೆ ಸಿಕ್ಕಾಗ ಅವರು ಕೇಳಿದರು, 'ಎಲ್ಲ ಸರಿ ಮೇಷ್ಟ್ರೆ, ನೀವು ಯಾಕೆ ಆ ಗಮ್ಮು ತೆಗೆದುಕೊಳ್ಳಲಿಲ್ಲ?'

'ಅಂಥದ್ದೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ' ಎಂದೆ.

ಅವರು ಬಹಳ ಹೊತ್ತು ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತಮೇಲೆ, ಡಾಕ್ಟರ ಚೀಟಿಯನ್ನು ಯಾವುದೋ ಪುಸ್ತಕದ ನಡುವೆ ಇಟ್ಟಿದ್ದೇನೆ, ಯಾವುದೆಂದು ನೆನಪಾಗುತ್ತಿಲ್ಲ, ಸಂಜೆ ಹುಡುಕಬೇಕು ಎಂದರು.