ಮರದ ಮಂಚ, ಗೆದ್ದಲು ಮತ್ತು ಅಹಿಂಸೆ

ಬೀಟೆ ಮಂಚಕ್ಕೆ ಹಿಡಿದ ಗೆದ್ದಲನ್ನು ಕೊಲ್ಲುವುದು ಹಿಂಸೆಯೇ? ಶಿವಮೊಗ್ಗ, ಭದ್ರಾವತಿಗಳ ಹೊಸಮನೆಯಂಥ ಬಡಾವಣೆಗಳಲ್ಲಿ ಮಳೆಗಾಲ ತರುವ ಪ್ರಶ್ನೆಯಿದು. ಇದೇ ಜಿಲ್ಲೆಯ ಹುಂಚದಲ್ಲಿ ಶತಮಾನಗಳಿಂದ ನೆಲೆನಿಂತಿರುವ ಜೈನ ಧರ್ಮ ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು 4 ಬಗೆಯಾಗಿ ವಿಂಗಡಿಸುತ್ತದೆ. ಬೇಕೆಂದೇ ಕೊಲ್ಲುವುದು ಸಂಕಲ್ಪಿ. ಅದನ್ನು ಶ್ರಾವಕ, ಅಂದರೆ ಜೈನ ಗೃಹಸ್ಥ, ಬಿಡಲೇಬೇಕು. ಮನೆಗೆಲಸದಲ್ಲಿ ತಪ್ಪದೆ ಆಗುವ ಆರಂಭಿ ಹಿಂಸೆಯನ್ನು ಆದಷ್ಟು ತಗ್ಗಿಸಬೇಕು.

ಹಾಗಾಗಿ ಹುಳು ಬಾರದಂತೆ ನೋಡಿಕೊಳ್ಳುವುದೇ ಮೊದಲ ಧರ್ಮ. ಮಂಚ, ಬೀರುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟರೆ ಗಾಳಿಯಾಡುತ್ತದೆ, ತೇವ ನಿಲ್ಲದು. ಒರೆಸಲು ಒದ್ದೆ ಬಟ್ಟೆ ಬೇಡ. ಒಣ ಹತ್ತಿ ಬಟ್ಟೆ ಸಾಕು. ಮಳೆ ಕಳೆದ ಮೇಲೆ, ವಾರ್ನಿಶ್ ಇಲ್ಲದ ಮರಕ್ಕೆ ಅಗಸೆ ಎಣ್ಣೆಯನ್ನು ನಾರಿನ ಜಾಡಿನಲ್ಲೇ ತೆಳುವಾಗಿ ತಿಕ್ಕಬೇಕು. ವರ್ಷಗಟ್ಟಲೆ ಅಲಕ್ಷಿಸಿ ಕೊನೆಗೆ ವಿಷ ಹೊಡೆಯುವವನು ಅದನ್ನು ಅನಿವಾರ್ಯ ಎನ್ನಲಾಗದು. ಸ್ವತ್ತಿಗೆ ಮಿತಿ ಹಾಕಿಕೊಳ್ಳುವ ಪರಿಗ್ರಹ ಪರಿಮಾಣ ವ್ರತವೂ ಇಲ್ಲಿ ಅನ್ವಯಿಸುತ್ತದೆ: ಆರೈಕೆ ಮಾಡಲಾಗದಷ್ಟು ಪೀಠೋಪಕರಣವನ್ನು ಮನೆಗೆ ತರಲೇಬಾರದು.